ಫ್ರಿಜ್ ಚಾಕಲೇಟ್ ಕೇಕ್ ಕೈಕೊಟ್ಟಾಗ: ತಪ್ಪು ಎಲ್ಲಾಗಿದೆ ಅಂತ ಹುಡುಕುವುದು ಹೇಗೆ

ಹೋದ ಮಳೆಗಾಲದಲ್ಲಿ ಪುಣೆಯಿಂದ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ನಿನ್ನೆ ರಾತ್ರೀನೇ ಕೇಕ್ ಫ್ರಿಜ್‌ನಲ್ಲಿ ಇಟ್ಟಿದ್ದೀನಿ. ಇನ್ನೂ ಹಲ್ವಾ ಥರಾನೇ ಇದೆ. ಚಾಕು ಹಾಕಿದ್ರೆ ಅಂಟ್ಕೊಂಡು ಬರ್ತಿದೆ. ಫ್ರಿಜ್ಜೇ ಕೆಟ್ಟಿರ್ಬೇಕು, ಅಲ್ವಾ?" ಸಂಜೆ ಮಗನ ಹುಟ್ಟುಹಬ್ಬ. ಸೊಸೈಟಿಯ ಮಕ್ಕಳೆಲ್ಲ ಬರುವವರಿದ್ದರು.

ಕ್ರೀಮ್ ಎಷ್ಟು ಹಾಕಿದೆ ಅಂತ ಕೇಳಿದೆ. ಇಡೀ ಪ್ಯಾಕೆಟ್, 200 ಮಿಲಿ. ಚಾಕಲೇಟ್ ಎಷ್ಟು? 200 ಗ್ರಾಂ. ಕಾರಣ ಅಲ್ಲೇ ಸಿಕ್ಕಿತು, ಫ್ರಿಜ್ ಬಾಗಿಲು ತೆಗೆದು ನೋಡುವ ಅಗತ್ಯವೇ ಬರಲಿಲ್ಲ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಓವನ್ ಇಲ್ಲ, ಅದಕ್ಕೇ ಎಷ್ಟೋ ವರ್ಷಗಳಿಂದ ನಾನು ಮಾಡುವ ಕೇಕ್ ಇದೊಂದೇ: ಕರಗಿಸಿದ ಚಾಕಲೇಟಿಗೆ ಬಿಸ್ಕತ್ತಿನ ಚೂರು ಕಲಸಿ, ಫ್ರಿಜ್‌ನಲ್ಲಿ ಇಟ್ಟು ಗಟ್ಟಿ ಮಾಡುವುದು. ಮೇ ತಿಂಗಳ ಸೆಕೆಯಲ್ಲೂ ಮಾಡಿದ್ದೇನೆ, ಜುಲೈನಲ್ಲಿ ಗೋಡೆಯೂ ಬೆವರುವ ದಿನಗಳಲ್ಲೂ ಮಾಡಿದ್ದೇನೆ. ಇಲ್ಲಿ ಬರೆದಿರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನ ಕೈಯಲ್ಲೇ ಆಗಿವೆ. ನನಗೆ ಕಂಡುಬಂದದ್ದು ಏನೆಂದರೆ, ಕೇಕ್ ಕೆಟ್ಟಾಗ ಎಲ್ಲರೂ ಫ್ರಿಜ್ ಕಡೆ ನೋಡುತ್ತಾರೆ, ಆದರೆ ತಪ್ಪು ಅದಕ್ಕೂ ಮೊದಲೇ, ಒಲೆ ಹತ್ತಿರ ಅಥವಾ ತಕ್ಕಡಿ ಹತ್ತಿರ ಆಗಿಬಿಟ್ಟಿರುತ್ತದೆ.

ಯಾಕೆ ಅಂತ ಸ್ವಲ್ಪ ಹೇಳುತ್ತೇನೆ. ಬೇಯಿಸುವ ಕೇಕಿನಲ್ಲಿ ಮೊಟ್ಟೆ, ಮೈದಾ ಬೆಂದು ಗಟ್ಟಿಯಾಗುತ್ತವೆ. ಇದರಲ್ಲಿ ಬೇಯುವುದು ಏನೂ ಇಲ್ಲ. ಬಿಸ್ಕತ್ತಿನ ಚೂರುಗಳನ್ನು ಹಿಡಿದಿಟ್ಟುಕೊಳ್ಳುವುದು ಚಾಕಲೇಟಿನ ಮತ್ತು ಬೆಣ್ಣೆಯ ಕೊಬ್ಬು. ಚಳಿಗಾಲದಲ್ಲಿ ಬಾಟಲಿಯೊಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಅದೇ ಥರ. ಹಾಗಾಗಿ ಏನೇ ಕೆಟ್ಟರೂ ಕೇಳಿಕೊಳ್ಳಬೇಕಾದ್ದು ಇಷ್ಟು: ಸರಿಯಾದ ಕೊಬ್ಬು ಸಾಕಷ್ಟು ಇದೆಯಾ, ಬೇಡದ ಕಡೆ ನೀರು ಸೇರಿತಾ, ಕರಗಿಸುವಾಗ ಬಿಸಿ ಜಾಸ್ತಿ ಆಯಿತಾ.

ನನ್ನ ಅಳತೆ ಮೊದಲೇ ಕೊಟ್ಟುಬಿಡುತ್ತೇನೆ, ನಿಮ್ಮದನ್ನು ಇದರ ಪಕ್ಕ ಇಟ್ಟು ನೋಡಿ. ಡಾರ್ಕ್ ಚಾಕಲೇಟ್ 200 ಗ್ರಾಂ, ಬೆಣ್ಣೆ 100 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 200 ಗ್ರಾಂ, ಮಾರಿ ಬಿಸ್ಕತ್ತು 200 ಗ್ರಾಂ, ಹುರಿದ ಗೋಡಂಬಿ ಅಥವಾ ಅಕ್ರೋಟು ಒಂದು ಹಿಡಿ. 7 ಇಂಚಿನ ಚೌಕ ಟಿನ್ನಿಗೆ ಸರಿಹೋಗುತ್ತದೆ. ಚಾಕಲೇಟ್, ಬೆಣ್ಣೆ ಒಟ್ಟಿಗೆ ಕರಗಿಸಿ, ಕಂಡೆನ್ಸ್ಡ್ ಮಿಲ್ಕ್ ಕಲಸಿ, ಬಿಸ್ಕತ್ತು ಸೇರಿಸಿ, ಟಿನ್ನಿಗೆ ಒತ್ತಿ, ಕನಿಷ್ಠ 4 ಗಂಟೆ ಫ್ರಿಜ್. ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು.

ಸೆಟ್ಟೇ ಆಗಿಲ್ಲ

ಮೊದಲು ಕ್ರೀಮ್ ನೋಡಿ. ಹೊರದೇಶದ ರೆಸಿಪಿಗಳಲ್ಲಿ ಹೇಳುವ ಕ್ರೀಮ್‌ನಲ್ಲಿ ಕೊಬ್ಬು 35 ಶೇಕಡಕ್ಕಿಂತ ಜಾಸ್ತಿ ಇರುತ್ತದೆ, ಬ್ರಿಟನ್ನಿನ ಡಬಲ್ ಕ್ರೀಮ್‌ನಲ್ಲಂತೂ 48 ರಷ್ಟು. ನಮ್ಮ ಅಂಗಡಿಯ ಫ್ರೆಶ್ ಕ್ರೀಮ್ ಪ್ಯಾಕೆಟ್ ತಿರುಗಿಸಿ ಓದಿ, ಸಾಮಾನ್ಯವಾಗಿ 25 ಇರುತ್ತದೆ. ಉಳಿದದ್ದು ಬಹುಪಾಲು ನೀರು. ಅದನ್ನು ಚಾಕಲೇಟಿನಷ್ಟೇ ಸುರಿದರೆ ಬ್ರೆಡ್ಡಿಗೆ ಸವರುವ ಹದ ಬರುತ್ತದೆ, ತುಂಡು ಮಾಡುವ ಹದ ಬರುವುದಿಲ್ಲ. ಒಂದು ವಾರ ಫ್ರಿಜ್‌ನಲ್ಲಿ ಇಟ್ಟರೂ ಅಷ್ಟೇ. ಕ್ರೀಮ್ ಹಾಕಲೇಬೇಕು ಅಂದರೆ ಒಂದು ಪಾಲು ಕ್ರೀಮ್‌ಗೆ ಎರಡು ಪಾಲು ಡಾರ್ಕ್ ಚಾಕಲೇಟ್ ಇರಲಿ. ಮಿಲ್ಕ್ ಚಾಕಲೇಟ್ ಆದರೆ ಮೂರು ಪಾಲು, ಯಾಕೆಂದರೆ ಅದರಲ್ಲಿ ಕೋಕೋ ಕಡಿಮೆ, ಮೇಲಾಗಿ ಹಾಲಿನ ಕೊಬ್ಬು ಸೇರಿ ಅದನ್ನು ಇನ್ನೂ ಮೆದು ಮಾಡಿರುತ್ತದೆ.

ನಾದಿನಿಗೆ ಹೇಳಿದ್ದೂ ಇದನ್ನೇ. ಇನ್ನೂ 200 ಗ್ರಾಂ ಚಾಕಲೇಟ್ ತಂದು ಕರಗಿಸು, ಆ ಮೆದು ಕೇಕನ್ನು ಬಟ್ಟಲಿಗೆ ಹಾಕಿ ಬಿಸಿನೀರಿನ ಮೇಲೆ ಉಗುರು ಬೆಚ್ಚಗೆ ಮಾಡು, ಎರಡನ್ನೂ ಕಲಸು, ಹೊಸ ಬಿಸ್ಕತ್ತು ಒಂದು ಹತ್ತು ಮುರಿದು ಹಾಕು, ಮತ್ತೆ ಒತ್ತಿ ಇಡು ಅಂದೆ. ಸಂಜೆ ಆರಕ್ಕೆ ನೀಟಾಗಿ ತುಂಡಾಯಿತು. ಹಳೆಯ ಬಿಸ್ಕತ್ತು ಮೆತ್ತಗಾಗಿತ್ತು, ಹೊಸದು ಕರುಕುರು ಅನ್ನುತ್ತಿತ್ತು. ಮಕ್ಕಳು ಖಾಲಿ ಮಾಡಿದರು.

ಮತ್ತೆ ಚಾಕಲೇಟ್ ತರುವಷ್ಟು ಹೊತ್ತಿಲ್ಲ ಅನ್ನುವವರಿಗೆ ಗೋವಾದವರ ದಾರಿ ಇದೆ. ಅಲ್ಲಿ ಸೆರಾಡುರಾ ಅಂತ ಪೋರ್ಚುಗೀಸರ ಕಾಲದಿಂದ ಬಂದ ಸಿಹಿ ಮಾಡುತ್ತಾರೆ. ಪೋರ್ಚುಗೀಸ್ ಭಾಷೆಯಲ್ಲಿ ಹಾಗೆಂದರೆ ಮರದ ಹೊಟ್ಟು. ನುಣ್ಣಗೆ ಪುಡಿ ಮಾಡಿದ ಮಾರಿ ಬಿಸ್ಕತ್ತು ಒಂದು ಪದರ, ಕ್ರೀಮ್ ಒಂದು ಪದರ, ಹೀಗೆ ಗಾಜಿನ ಲೋಟದಲ್ಲಿ ತುಂಬಿ ತಣ್ಣಗೆ ಮಾಡಿ ಚಮಚದಲ್ಲಿ ತಿನ್ನುತ್ತಾರೆ. ನಿಮ್ಮ ಸೆಟ್ ಆಗದ ಚಾಕಲೇಟನ್ನು ಹಾಗೇ ಲೋಟಕ್ಕೆ ತುಂಬಿ, ನಡುನಡುವೆ ಬಿಸ್ಕತ್ತು ಪುಡಿ ಉದುರಿಸಿ. ಬಂದವರಿಗೆ ಕೊಡಲು ಏನೂ ಸಂಕೋಚ ಬೇಡ, ಅದು ನಿಜಕ್ಕೂ ರುಚಿ.

ಕ್ರೀಮ್ ಹಾಕಿಯೇ ಇಲ್ಲ, ಆದರೂ ಮೆದು? ಹಾಗಾದರೆ ಚಾಕಲೇಟ್ ಪ್ಯಾಕೆಟ್ ಹಿಂದೆ ಓದಿ. ಕೋಕೋ ಬಟರ್, ಅಂದರೆ ಕೋಕೋ ಬೀಜದ ಕೊಬ್ಬು, ಅಂತಿದ್ದರೆ ಅದು ನಿಜವಾದ ಚಾಕಲೇಟ್. ಕೋಕೋ ಬಟರ್ ಬದಲು ವೆಜಿಟೇಬಲ್ ಫ್ಯಾಟ್ ಅಂತಿದ್ದರೆ ಅದು ಕಾಂಪೌಂಡ್. ಮುಂಬೈನ ಕ್ರಾಫರ್ಡ್ ಮಾರ್ಕೆಟ್ ಸುತ್ತಮುತ್ತ ಕೇಕ್ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ದೊಡ್ಡ ಹಲಗೆಗಳು ಹೆಚ್ಚಾಗಿ ಇದೇ. ಕಾಂಪೌಂಡ್‌ನಿಂದ ಕೇಕ್ ಚೆನ್ನಾಗಿಯೇ ಗಟ್ಟಿಯಾಗುತ್ತದೆ, ರುಚಿ ಮಾತ್ರ ಒಂದು ಮೆಟ್ಟಿಲು ಕೆಳಗೆ. ತೊಂದರೆ ಬರುವುದು ಅರ್ಧ ಅದು ಅರ್ಧ ಇದು ಬೆರೆಸಿದಾಗ. ತಾಳೆ ಬೀಜದ ಎಣ್ಣೆಯಿಂದ ಮಾಡಿದ ಕಾಂಪೌಂಡ್ ಕೊಬ್ಬು ಮತ್ತು ಕೋಕೋ ಬಟರ್ ಒಂದಕ್ಕೊಂದು ಹೊಂದುವುದಿಲ್ಲ, ಬೆರೆತರೆ ಎರಡೂ ಬಿಡಿಬಿಡಿಯಾಗಿ ಇದ್ದದ್ದಕ್ಕಿಂತ ಮೆದುವಾಗುತ್ತವೆ, ಮೇಲೆ ಬೇಗ ಬಿಳಿ ಕಲೆಯೂ ಬರುತ್ತದೆ. ಉಳಿದ ತುಂಡು ಖಾಲಿಯಾಗಲಿ ಅಂತ ನಾನೂ ಒಮ್ಮೆ ಹಾಗೆ ಮಾಡಿ, ಆಮೇಲೆ ಕಾರಣ ಗೊತ್ತಾಗದೆ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಯಾವುದಾದರೂ ಒಂದೇ ಹಾಕಿ.

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಫ್ರಿಜ್ ನೋಡಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿ ಬಿಡಿ, 4 ರಿಂದ 5 ಡಿಗ್ರಿ ತೋರಿಸಬೇಕು. ಜ್ವರ ನೋಡುವುದು ಆಗುವುದಿಲ್ಲ, ಅಡುಗೆಯದ್ದು ಬೇಕು. ಅದಿಲ್ಲದಿದ್ದರೆ ಒಂದು ಕಾಗದದ ಪಟ್ಟಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ ಅಂತ ಅರ್ಥ.

ಕರಗಿಸುವಾಗಲೇ ಮುದ್ದೆಯಾಯಿತು, ಅಥವಾ ಎಣ್ಣೆ ಬಿಟ್ಟಿತು

ಇವೆರಡೂ ಬೇರೆ ಬೇರೆ ರೋಗ, ಮದ್ದು ಮಾತ್ರ ಹೆಚ್ಚುಕಡಿಮೆ ಒಂದೇ.

ಹೊಳೆಯುತ್ತಾ ಕರಗುತ್ತಿದ್ದ ಚಾಕಲೇಟ್ ಒಮ್ಮೆಗೇ ಮಂಕಾಗಿ, ಒರಟು ಮುದ್ದೆಯಾಗಿ ಸೌಟಿಗೆ ಅಂಟಿಕೊಂಡರೆ ಅದಕ್ಕೆ ನೀರು ಬಿದ್ದಿದೆ. ತುಂಬಾ ಏನೂ ಬೇಡ, ಒಂದೆರಡು ಹನಿ ಸಾಕು. ತೊಳೆದು ಸರಿಯಾಗಿ ಒರೆಸದ ಬಟ್ಟಲು, ಒದ್ದೆ ಚಮಚ, ಕೆಳಗಿಟ್ಟ ಬಿಸಿನೀರಿನ ಪಾತ್ರೆಯಿಂದ ಏಳುವ ಹಬೆ. ಮೇಲೆ ತಟ್ಟೆ ಮುಚ್ಚಿ ಕರಗಿಸುವವರನ್ನೂ ನೋಡಿದ್ದೇನೆ, ತಟ್ಟೆಯ ಅಡಿ ಕಟ್ಟಿದ ಹಬೆ ನೇರ ಚಾಕಲೇಟಿಗೆ ತೊಟ್ಟಿಕ್ಕುತ್ತದೆ. ಚಾಕಲೇಟ್ ಅಂದರೆ ಕೊಬ್ಬಿನಲ್ಲಿ ತೇಲುವ ಒಣ ಸಕ್ಕರೆ ಮತ್ತು ಕೋಕೋ ಪುಡಿ. ಒಣ ಹಿಟ್ಟಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಗಂಟು ಕಟ್ಟುತ್ತದೆ, ಒಂದು ಲೋಟ ಸುರಿದು ಕಲಸಿದರೆ ದೋಸೆ ಹಿಟ್ಟಾಗುತ್ತದೆ, ಅಲ್ವಾ? ಇಲ್ಲೂ ಹಾಗೇ. ಆದ್ದರಿಂದ ಮುದ್ದೆಯಾದ ಚಾಕಲೇಟಿಗೆ ಮದ್ದು ಇನ್ನಷ್ಟು ನೀರಿನಂಶವೇ. ಬಿಸಿ ಹಾಲು ಒಂದೊಂದೇ ದೊಡ್ಡ ಚಮಚ ಹಾಕುತ್ತಾ ಜೋರಾಗಿ ಕಲಸಿ. 200 ಗ್ರಾಂ ಚಾಕಲೇಟಿಗೆ ನಾಲ್ಕು ದೊಡ್ಡ ಚಮಚ, ಅಂದರೆ ಸುಮಾರು 60 ಮಿಲಿ ಹೋಗುವಷ್ಟರಲ್ಲಿ ಮತ್ತೆ ನುಣುಪಾಗುತ್ತದೆ. ಹೀಗೆ ಹಾಲು ಸೇರಿದ್ದರಿಂದ ಕೇಕ್ ಸ್ವಲ್ಪ ಮೆದುವಾಗುತ್ತದೆ, ಅದಕ್ಕೆ ಕಂಡೆನ್ಸ್ಡ್ ಮಿಲ್ಕ್ ಅಷ್ಟು ಕಡಿಮೆ ಮಾಡಿ.

ಎಣ್ಣೆ ಬಿಟ್ಟಿದ್ದರೆ, ಅಂದರೆ ಮೇಲೆ ಜಿಡ್ಡು ತೇಲಿ ಕೆಳಗೆ ಗಸಿ ಕೂತಿದ್ದರೆ, ಬಿಸಿ ಜಾಸ್ತಿಯಾಗಿದೆ. ಡಾರ್ಕ್ ಚಾಕಲೇಟ್ 50 ಡಿಗ್ರಿ ದಾಟಬಾರದು, ಮಿಲ್ಕ್ ಮತ್ತು ಬಿಳಿ ಚಾಕಲೇಟ್ 45 ದಾಟಬಾರದು. ಕೋಕೋ ಬಟರ್ ಕರಗುವುದೇ ಸುಮಾರು 34 ಡಿಗ್ರಿಗೆ, ನಮ್ಮ ಮೈ ಬಿಸಿಗಿಂತಲೂ ಕಡಿಮೆ, ಹಾಗಿರುವಾಗ ಅದಕ್ಕೆ ದೊಡ್ಡ ಉರಿ ಯಾಕೆ? ಕೆಳಗಿನ ನೀರು ಕುದಿ ಬಂದ ಮೇಲೆ ಗ್ಯಾಸ್ ಆರಿಸಿ, ಆಮೇಲೆ ಬಟ್ಟಲು ಇಡಿ, ಬಟ್ಟಲಿನ ತಳ ನೀರಿಗೆ ತಾಗದಿರಲಿ. ಮೈಕ್ರೋವೇವ್ ಆದರೆ ಅರ್ಧ ಪವರ್‌ನಲ್ಲಿ 20 ರಿಂದ 30 ಸೆಕೆಂಡ್ ಮಾತ್ರ, ಪ್ರತಿ ಸಲ ತೆಗೆದು ಕಲಸಿ. ಒಡೆದದ್ದನ್ನು ಕೂಡಿಸಲು ಉರಿಯಿಂದ ಇಳಿಸಿ, ಸ್ವಲ್ಪ ಆರಲು ಬಿಟ್ಟು, ಒಂದು ಚಮಚ ಬೆಚ್ಚಗಿನ ಹಾಲು ನಡುವೆ ಹಾಕಿ, ನಡುವಿನಿಂದ ಹೊರಗೆ ಸುತ್ತುತ್ತಾ ಬನ್ನಿ. ಸೀದ ವಾಸನೆ ಬಂದಿದ್ದರೆ ಬಿಟ್ಟುಬಿಡಿ. ಅದಕ್ಕೆ ಏನು ಮಾಡಿದರೂ ಉಪಯೋಗವಿಲ್ಲ, ಬಿಸ್ಕತ್ತೂ ಹಾಳಾಗುತ್ತದೆ.

ಫ್ರಿಜ್‌ನಿಂದ ತೆಗೆದ ಕಂಡೆನ್ಸ್ಡ್ ಮಿಲ್ಕ್ ಅನ್ನು ಹಾಗೇ ಸುರಿಯಬೇಡಿ. ತಣ್ಣನೆಯದು ತಾಗಿದ ಕಡೆ ಚಾಕಲೇಟ್ ಗಟ್ಟಿಯಾಗಿ ಗಂಟಾಗುತ್ತದೆ. ಗಂಟಾದರೆ ಬಿಸಿನೀರಿನ ಮೇಲೆ ಮತ್ತೆ ಬೆಚ್ಚಗೆ ಮಾಡಿ, ಹೋಗುತ್ತದೆ.

ತುಂಡು ಮಾಡಿದರೆ ಪುಡಿಪುಡಿ

ಬಿಸ್ಕತ್ತು ಜಾಸ್ತಿ, ಇಲ್ಲವೇ ಬಿಸ್ಕತ್ತಿನ ಪುಡಿ ಜಾಸ್ತಿ, ಇಲ್ಲವೇ ಒತ್ತಿದ್ದು ಕಡಿಮೆ. ಪುಡಿ ಚಾಕಲೇಟನ್ನೆಲ್ಲ ಹೀರಿಕೊಳ್ಳುತ್ತದೆ, ಆಮೇಲೆ ತುಂಡುಗಳನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಮಿಕ್ಸಿಗೆ ಹಾಕಲೇಬೇಡಿ. ಕೈಯಲ್ಲಿ ಅರ್ಧ ಇಂಚಿನ ಚೂರುಗಳಾಗಿ ಮುರಿಯಿರಿ, ಪುಡಿಯನ್ನು ಜರಡಿ ಹಿಡಿದು ಪಕ್ಕಕ್ಕಿಡಿ. ಕಲಸಿದ ಮೇಲೆ ಪ್ರತಿ ಚೂರಿಗೂ ಚಾಕಲೇಟ್ ಮೆತ್ತಿ ಹೊಳೆಯುತ್ತಿರಬೇಕು, ಒಣ ಬಿಸ್ಕತ್ತು ಕಣ್ಣಿಗೆ ಬೀಳಬಾರದು. ಟಿನ್ನಿಗೆ ಹಾಕಿ, ತಳ ಚಪ್ಪಟೆ ಇರುವ ಸ್ಟೀಲ್ ಬಟ್ಟಲಿನಿಂದ ಮೂಲೆಮೂಲೆಗೂ ಅದುಮಿ. ಮೈಸೂರು ಪಾಕ್ ತಟ್ಟೆಗೆ ಸುರಿದರೆ ತಾನೇ ಹರಡಿಕೊಳ್ಳುತ್ತದೆ, ಇದು ಹಾಗಲ್ಲ, ರವೆ ಉಂಡೆ ಕಟ್ಟುವಾಗ ಕೈ ಬಿಗಿ ಮಾಡುವ ಹಾಗೆ ಒತ್ತಿದರೇ ಕೂಡಿಕೊಳ್ಳುವುದು.

ಮಾರಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಅದು ಸಪ್ಪೆ, ಒಣಕಲು, ಸಿಹಿ ಕಡಿಮೆ, ಹಾಗಾಗಿ ಇಷ್ಟು ಜಿಡ್ಡು, ಇಷ್ಟು ಸಿಹಿಯ ನಡುವೆ ನಾಲಿಗೆಗೆ ಸ್ವಲ್ಪ ವಿರಾಮ ಸಿಗುತ್ತದೆ. 2011ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ತನ್ನ ಮದುವೆಗೆ ಬೇಕು ಅಂತ ಕೇಳಿ ಮಾಡಿಸಿದ್ದು ಇದೇ ಜಾತಿಯ ಚಾಕಲೇಟ್ ಬಿಸ್ಕತ್ತು ಕೇಕ್, ಅದರಲ್ಲಿದ್ದದ್ದು ಮಾರಿಯ ಹತ್ತಿರದ ನೆಂಟ ರಿಚ್ ಟೀ ಬಿಸ್ಕತ್ತು. ಮಾರಿ ಹುಟ್ಟಿದ್ದೂ ಮದುವೆಯ ನೆಪದಲ್ಲೇ, 1874ರಲ್ಲಿ ಲಂಡನ್ನಿನಲ್ಲಿ, ರಷ್ಯಾದ ರಾಜಕುಮಾರಿ ಮಾರಿಯಾ ಹೆಸರಿನಲ್ಲಿ.

ಬಿಸ್ಕತ್ತು ಮೆತ್ತಗಾಯಿತು

ಮುಂಬೈ ಮಳೆಯಲ್ಲಿ ಪ್ಯಾಕೆಟ್ ಒಡೆದು ಅರ್ಧ ದಿನ ಇಟ್ಟರೆ ಬಿಸ್ಕತ್ತು ಹಪ್ಪಳದ ಥರ ಬಾಗುತ್ತದೆ. ಅದನ್ನು ಕೇಕಿಗೆ ಹಾಕಿದರೆ ಕರುಕುರು ಎಲ್ಲಿಂದ ಬರಬೇಕು? ಕಾವಲಿ ಬಿಸಿ ಮಾಡಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಒಂದೊಂದು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಮುರಿಯಿರಿ. ಆರುವ ಮುನ್ನ ಮುಟ್ಟಿದರೆ ಇನ್ನೂ ಮೆತ್ತಗಿದೆ ಅನ್ನಿಸುತ್ತದೆ, ಗಾಬರಿ ಬೇಡ. ಕ್ರೀಮ್ ಅಥವಾ ಹಾಲು ಹಾಕಿದ ಕೇಕಿನಲ್ಲಿ ಎರಡನೇ ದಿನಕ್ಕೆ ಬಿಸ್ಕತ್ತು ನೀರು ಹೀರಿ ಮೆತ್ತಗಾಗುವುದು ಸಹಜ. ಕರುಕುರು ಬೇಕೇ ಬೇಕು ಅನ್ನುವವರು ಕಂಡೆನ್ಸ್ಡ್ ಮಿಲ್ಕ್ ಬದಲು ಜೇನುತುಪ್ಪ ಅಥವಾ ಗೋಲ್ಡನ್ ಸಿರಪ್ (ಸಕ್ಕರೆಯ ದಪ್ಪ ಪಾಕ) 3 ದೊಡ್ಡ ಚಮಚ ಹಾಕಿ. ಆಗ ಮಿಶ್ರಣ ಕಡಿಮೆಯಾಗುತ್ತದೆ, ಅದಕ್ಕೆ ಚಾಕಲೇಟ್ 300 ಗ್ರಾಂಗೆ ಏರಿಸಿ.

ಮೇಲೆ ಬಿಳಿ ಕಲೆ, ಬೆವರಿದ ಹಾಗೆ ನೀರು

ನಮ್ಮ ಊರಿನ ದೊಡ್ಡ ತೊಂದರೆ ಇದೇ. ಕರಾವಳಿಯ ಗಾಳಿಯಲ್ಲಿ ಅಷ್ಟು ನೀರಿನ ಅಂಶ ಇರುವಾಗ ತಣ್ಣನೆಯ ಕೇಕ್ ಹೊರಗೆ ಬಂದ ಕೂಡಲೇ, ತಣ್ಣೀರಿನ ಬಾಟಲಿಯ ಹೊರಗೆ ಹನಿ ಕೂರುವ ಹಾಗೆ, ಅದರ ಮೈಮೇಲೂ ಹನಿ ಕೂರುತ್ತದೆ. ಆ ನೀರು ಮೇಲಿನ ಸಕ್ಕರೆಯನ್ನು ಕರಗಿಸುತ್ತದೆ. ಮತ್ತೆ ಫ್ರಿಜ್‌ಗೆ ಹೋದಾಗ ನೀರು ಆರಿ, ಸಕ್ಕರೆ ಬಿಳಿ ಹರಳಾಗಿ ಉಳಿಯುತ್ತದೆ. ಬೂಷ್ಟು ಬಂತು ಅಂತ ಹೆದರಿ ಎಸೆದವರೂ ಇದ್ದಾರೆ.

ಬಿಳಿ ಬಣ್ಣ ಇನ್ನೊಂದು ಕಾರಣಕ್ಕೂ ಬರುತ್ತದೆ: ಸೆಕೆಗೆ ಮೆದುವಾಗಿ ಮತ್ತೆ ತಣ್ಣಗಾದಾಗ ಕೊಬ್ಬು ಮೇಲೆ ಬಂದು ಕೂರುವುದು. ಯಾವುದು ಅಂತ ತಿಳಿಯಲು ಸುಲಭ ಉಪಾಯ ಇದೆ. ಬೆರಳಿನಿಂದ ಮೆಲ್ಲಗೆ ಉಜ್ಜಿ. ಬಿಳಿ ಕರಗಿ ಜಿಡ್ಡಾದರೆ ಕೊಬ್ಬು. ಮರಳಿನ ಹಾಗೆ ಒರಟಾಗಿದ್ದು, ಹಾಗೇ ಉಳಿದರೆ ಸಕ್ಕರೆ. ಎರಡೂ ತಿನ್ನಲು ಏನೂ ತೊಂದರೆಯಿಲ್ಲ. ನೋಡಲು ಚೆನ್ನಾಗಿರಲಿ ಅಂದರೆ ಮೇಲೆ ಕೋಕೋ ಪುಡಿ ಜರಡಿಯಲ್ಲಿ ಉದುರಿಸಿ. ಆದರೆ ಕೂದಲು ಕೂದಲಾಗಿ, ಹಸಿರು ಬೂದು ಬಣ್ಣಕ್ಕೆ ಏನಾದರೂ ಕಂಡರೆ ಅದು ನಿಜವಾದ ಬೂಷ್ಟು, ಪೂರ್ತಿ ಎಸೆಯಿರಿ.

ಬೆವರು ತಪ್ಪಿಸಲು ನಾನು ಮಾಡುವುದು ಹೀಗೆ. ಫ್ರಿಜ್‌ನಿಂದ ತೆಗೆದ ತಕ್ಷಣ ತುಂಡು ಮಾಡಿ, ಐದು ನಿಮಿಷದೊಳಗೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಮತ್ತೆ ಒಳಗಿಡುತ್ತೇನೆ. ಬಡಿಸುವಾಗ ಡಬ್ಬಿಯನ್ನು ಹೊರಗೆ ತೆಗೆದು, ಮುಚ್ಚಳ ತೆಗೆಯದೆ 15 ನಿಮಿಷ ಬಿಡುತ್ತೇನೆ. ಹನಿಯೆಲ್ಲ ಡಬ್ಬಿಯ ಹೊರಗಡೆ ಕೂರುತ್ತದೆ, ಕೇಕ್ ಒಣಗಿಯೇ ಇರುತ್ತದೆ. ಚಾಕು ಬಿಸಿನೀರಿನಲ್ಲಿ ಅದ್ದಿ ತುಂಡು ಮಾಡಿ ಅಂತ ಎಲ್ಲರೂ ಹೇಳುತ್ತಾರೆ, ಅದ್ದಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಬೇಕು ಅನ್ನುವುದನ್ನು ಮಾತ್ರ ಮರೆಯುತ್ತಾರೆ.

ಉಳಿದ ಸಣ್ಣಪುಟ್ಟ ತೊಂದರೆಗಳು

ಹಲ್ಲಿಗೆ ಸಕ್ಕರೆ ಕರಕರ ಸಿಗುತ್ತದೆ ಅಂದರೆ ನೀವು ಕೋಕೋ ಪುಡಿ, ಬೆಣ್ಣೆ, ಸಕ್ಕರೆಯ ರೆಸಿಪಿ ಮಾಡಿದ್ದೀರಿ. ಸಕ್ಕರೆ ಬೆಣ್ಣೆಯಲ್ಲಿ ಕರಗುವುದಿಲ್ಲ, ಎಷ್ಟು ಬಿಸಿ ಮಾಡಿದರೂ. ಮೊದಲು ಸ್ವಲ್ಪ ಹಾಲಿನಲ್ಲಿ ಕುದಿಸಿ ಕರಗಿಸಿ, ಅಥವಾ ಪುಡಿ ಸಕ್ಕರೆ ಹಾಕಿ. ಇಲ್ಲಿನ ಅಂಗಡಿಯಲ್ಲಿ ಪಿಠೀ ಸಾಖರ್ ಅಂತ ಕೇಳಿ.

ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ 70 ಶೇಕಡ ಕೋಕೋ ಇರುವ ಡಾರ್ಕ್ ಚಾಕಲೇಟ್ ಹಾಕಿರುತ್ತೀರಿ, ಅಥವಾ ಫ್ರೀಜರ್‌ನಲ್ಲಿ ಇಟ್ಟಿರುತ್ತೀರಿ. ಹೊರಗೆ ಹತ್ತು ನಿಮಿಷ ಬಿಡಿ. ಮುಂದಿನ ಸಲ 50 ರಿಂದ 55 ಶೇಕಡದ್ದು ತನ್ನಿ. ಕೇಕಿನ ಮೇಲೆ ಬೇರೆ ಚಾಕಲೇಟ್ ಪದರ ಸುರಿದಿದ್ದು, ಅದು ಚಾಕು ತಾಗಿದರೆ ಬಿರಿಯುತ್ತಿದ್ದರೆ, ಕರಗಿಸುವಾಗ ಅದಕ್ಕೆ ಒಂದು ಚಮಚ ಬೆಣ್ಣೆ ಸೇರಿಸಿ, ಅರ್ಧ ಗಟ್ಟಿಯಾದಾಗಲೇ ಚಾಕುವಿನಿಂದ ಗೆರೆ ಹಾಕಿಡಿ.

ವಾಸನೆ. ಕೊಬ್ಬು ಸುತ್ತಲಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಮೇ ತಿಂಗಳಲ್ಲಿ ಊರಿಂದ ಬಂದ ಹಲಸಿನ ತೊಳೆ ಒಂದು ಕಡೆ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಇನ್ನೊಂದು ಕಡೆ, ನಡುವೆ ತೆರೆದಿಟ್ಟ ಕೇಕ್. ಒಮ್ಮೆ ಹತ್ತಿದ ವಾಸನೆ ಹೋಗುವುದಿಲ್ಲ, ಹಾಗಾಗಿ ಟಿನ್ನನ್ನು ಮೊದಲ ದಿನದಿಂದಲೇ ಬಿಗಿಯಾಗಿ ಸುತ್ತಿ.

ಟಿನ್ನಿನಿಂದ ಬಿಡುತ್ತಿಲ್ಲವೇ? ಬಟರ್ ಪೇಪರ್ ಹಾಕುವಾಗ ಎರಡು ಕಡೆ ಕಿವಿಯ ಹಾಗೆ ಹೊರಗೆ ಬಿಡಿ, ಹಿಡಿದು ಎತ್ತಬಹುದು. ಹಾಕಿಲ್ಲದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತಳಕ್ಕೆ ಅರ್ಧ ನಿಮಿಷ ಸುತ್ತಿ.

ಮನೆಯಲ್ಲಿ ಚೆನ್ನಾಗಿತ್ತು, ತಲುಪುವಾಗ ಕರಗಿತು

ಮಾಟುಂಗದ ನೆಂಟರ ಮನೆಗೆ ನಾನು ಇದನ್ನು ಲೋಕಲ್ ರೈಲಿನಲ್ಲೇ ಒಯ್ಯುತ್ತೇನೆ. ಸ್ಲೋ ಗಾಡಿಯಲ್ಲಿ ಒಂದು ಗಂಟೆ ಹಿಡಿಯುತ್ತದೆ, ಜನ ತುಂಬಿದ ಡಬ್ಬದೊಳಗೆ ಬೆಣ್ಣೆ ಕರಗಲು ಅಷ್ಟು ಸಾಕು. ಮೊದಲ ಸಲ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದೆ, ಮೈ ಬಿಸಿಗೇ ಒಂದು ಬದಿ ಪಾಯಸವಾಗಿತ್ತು. ಅವತ್ತು ನನಗೆ ನಿಜಕ್ಕೂ ಅಳು ಬಂದಿತ್ತು. ಈಗ ಹಿಂದಿನ ರಾತ್ರಿಯೇ ಎರಡು ಚಿಕ್ಕ ನೀರಿನ ಬಾಟಲಿ ಫ್ರೀಜರ್‌ನಲ್ಲಿ ಮಲಗಿಸಿಡುತ್ತೇನೆ. ಹೊರಡುವ ಅರ್ಧ ಗಂಟೆ ಮೊದಲು ಕೇಕಿನ ಡಬ್ಬಿಯನ್ನೂ ಫ್ರೀಜರ್‌ಗೆ ಹಾಕುತ್ತೇನೆ. ಸ್ಟೀಲ್ ಡಬ್ಬಿಗೆ ನಾಲ್ಕು ಸುತ್ತು ಪೇಪರ್, ಕೆಳಗೊಂದು ಮೇಲೊಂದು ಹೆಪ್ಪುಗಟ್ಟಿದ ಬಾಟಲಿ, ಹೊರಗೆ ದಪ್ಪ ಟವೆಲ್, ಆಮೇಲೆ ಬ್ಯಾಗ್. ಬ್ಯಾಗ್ ಮೇಲಿನ ರ್‍ಯಾಕಿಗೆ, ಫ್ಯಾನ್ ಹತ್ತಿರ. ತಲುಪಿದ ಕೂಡಲೇ ಮಕ್ಕಳು ಮುಚ್ಚಳ ತೆಗೆಯಲು ಬರುತ್ತಾರೆ. ಡಬ್ಬಿಯನ್ನು ಹಾಗೇ ಅವರ ಫ್ರಿಜ್‌ನೊಳಗೆ ಇಟ್ಟು, ಊಟ ಮುಗಿಯುವವರೆಗೆ ಕಾಯಿಸುತ್ತೇನೆ.